ಗೇಣಿ ಒಕ್ಕಲಿನ ಮಗ: ಪೋಪ್ 23ನೆಯ ಜಾನ್

(ಕಾರ್ಮಿಕರ ವಾಚನಾಲಯದಲ್ಲಿ ಭಾನುವಾರ ಸಂಜೆ ಮಾಡಿದ ಭಾಷಣ)



1909ನೆಯ ಇಸವಿ. ಇಟಲಿ ದೇಶದ ಉತ್ತರಕ್ಕೆ ಬೆರ್ಗಾಮೊ ಎಂಬ ಪಟ್ಟಣ. ಅದರ ಸಮೀಪ ರಾನಿಕಾ ಎಂಬ ಸಣ್ಣ ಊರು, ಆ ಊರಿಗೊಂದು ಹತ್ತಿ ಗಿರಣಿ. ಗಿರಣಿಯ ಕೆಲಸಗಾರರು ಆ ವರ್ಷ ಮುಷ್ಕರ ಹೂಡಿದರು. ಸುಮಾರು 50 ದಿನ ಯಂತ್ರ ತಿರುಗಲಿಲ್ಲ. ಜಗಳ ಬರೀ ಕೂಲಿಯದ್ದಾಗಿರಲಿಲ್ಲ. ಕೆಲಸಗಾರನಿಗೆ ಸಂಘ ಕಟ್ಟುವ ಹಕ್ಕು ಇದೆಯೋ ಇಲ್ಲವೋ ಎಂಬುದೇ ಪ್ರಶ್ನೆ. 50 ದಿನ ಕೂಲಿ ಇಲ್ಲದೆ ಮನೆ ನಡೆಸುವುದೆಂದರೇನು, ಐವತ್ತು ದಿನ ಉದ್ರಿ ಬರೆದುಕೊಂಡು ಅಕ್ಕಿ ಬೇಳೆ ಅಳೆಯುವುದೆಂದರೇನು ಎಂದು ಇಲ್ಲಿ ಕುಳಿತವರಿಗೆ ನಾನು ವಿವರಿಸಬೇಕಾಗಿಲ್ಲ.

ಆಗ ಬೆರ್ಗಾಮೊದ ಬಿಷಪ್ಪರು ಒಂದು ಕೆಲಸ ಮಾಡಿದರು. ಅವರ ಹೆಸರು ಜಾಕೊಮೊ ರಾದಿನಿ-ತೆದೆಸ್ಕಿ. ಹುಟ್ಟಿನಿಂದ ಶ್ರೀಮಂತ ಮನೆತನದವರು. ಅವರು ಮುಷ್ಕರದ ನಿಧಿಗೆ ಬಹಿರಂಗವಾಗಿ ಹಣ ಕೊಟ್ಟರು. ಪಟ್ಟಣದ ಪ್ರತಿಷ್ಠಿತರು ಕೆರಳಿದರು, ಬಿಷಪ್ಪರ ಮೇಲೆ ರೋಮಿಗೆ ದೂರು ಹೋಯಿತು. ರೋಮಿನಿಂದ ಶಿಕ್ಷೆಯೇನೂ ಬರಲಿಲ್ಲ. ಆ ಬಿಷಪ್ಪರ ಕಾಗದಪತ್ರ ನೋಡಿಕೊಳ್ಳುತ್ತಿದ್ದ ಕಾರ್ಯದರ್ಶಿ 27 ವರ್ಷದ ಒಬ್ಬ ಪಾದ್ರಿ. ಮುಂದೆ ಆ ಪಾದ್ರಿ ತಮ್ಮ ಬಿಷಪ್ಪರ ಜೀವನ ಚರಿತ್ರೆ ಬರೆದಾಗ ರಾನಿಕಾದ ಸಂಗತಿಯನ್ನು ಮುಚ್ಚಿಡಲಿಲ್ಲ. ಅಲ್ಲಿ ಪಣಕ್ಕಿದ್ದದ್ದು ಕೂಲಿಯ ಲೆಕ್ಕವಲ್ಲ, ವ್ಯಕ್ತಿಗಳ ಜಗಳವೂ ಅಲ್ಲ. ಬಲವಾಗಿ ಸಂಘಟಿತವಾದ ಬಂಡವಾಳದ ಎದುರಿಗೆ ಕೆಲಸಗಾರ ಸಂಘಟಿತನಾಗಬಹುದೆ ಎಂಬ ತತ್ತ್ವದ ಪ್ರಶ್ನೆ ಎಂದು ಸ್ಪಷ್ಟವಾಗಿ ಬರೆದರು.

ಆ ಪಾದ್ರಿಯ ಹೆಸರು ಅಂಜೆಲೊ ಜುಸೆಪ್ಪೆ ರೋಂಕಾಲಿ. 1958ರಲ್ಲಿ ಅವರೇ 23ನೆಯ ಜಾನ್ ಎಂಬ ಹೆಸರು ಹಿಡಿದು ರೋಮಿನ ಪೋಪ್ ಆದರು.

ಪೋಪರ ಸಮಾಚಾರ ಗಿರಣಿ ಕೆಲಸಗಾರರ ಸಭೆಗೆ ಯಾಕೆ ಎಂದು ಕೆಲವರಿಗೆ ಅನ್ನಿಸಬಹುದು. ನಾನು ಮತ ಪ್ರಚಾರಕ್ಕೆ ನಿಂತಿಲ್ಲ. ಆದರೆ ಕೋಟಿಗಟ್ಟಲೆ ದುಡಿಯುವ ಜನ ನಂಬುವ ಒಂದು ಸಂಸ್ಥೆ, ಎರಡು ಸಾವಿರ ವರ್ಷದ ಹಳೆಯ ಸಂಸ್ಥೆ, ಒಳಗಿನಿಂದಲೇ ಅಲುಗಾಡಿದ್ದು ಹೇಗೆ, ಎಷ್ಟು ಅಲುಗಾಡಿತು, ಎಲ್ಲಿ ನಿಂತಿತು ಎಂದು ತಿಳಿಯುವುದು ಸಂಘಟನೆ ಮಾಡುವವನ ಕೆಲಸ. ಅದಕ್ಕೆ ಈ ಮಾತು.

ರೋಂಕಾಲಿಯವರು ಹುಟ್ಟಿದ್ದು 1881ನೆಯ ನವೆಂಬರ್ 25ರಂದು, ಬೆರ್ಗಾಮೊ ಬಳಿಯ ಸೋತ್ತೊ ಇಲ್ ಮೊಂತೆ ಎಂಬ ಹಳ್ಳಿಯಲ್ಲಿ. ಹೆಸರಿನ ಅರ್ಥ ‘ಬೆಟ್ಟದ ಕೆಳಗೆ’ ಎಂದು. ತಂದೆ ಜೊವಾನ್ನಿ ಬತ್ತಿಸ್ತ ಕೋರಿನ ಒಕ್ಕಲು. ಅಂದರೆ ಹೊಲ ಧಣಿಯದು, ದುಡಿಮೆ ಇವರದು, ಬೆಳೆದದ್ದರಲ್ಲಿ ಅರ್ಧ ಧಣಿಗೆ. ಈ ಪದ್ಧತಿ ನಮ್ಮ ಅಜ್ಜಂದಿರಿಗೆ ಅಪರಿಚಿತವೇನಲ್ಲ. ಹತ್ತಕ್ಕೂ ಹೆಚ್ಚು ಮಕ್ಕಳು. ಅಂಜೆಲೊ ನಾಲ್ಕನೆಯವರು, ಗಂಡುಮಕ್ಕಳಲ್ಲಿ ಹಿರಿಯರು. ಕಾಕಂದಿರು, ಅವರ ಮಕ್ಕಳು ಎಲ್ಲ ಸೇರಿ ತುಂಬಿದ ಕೂಡು ಕುಟುಂಬ. ದನಗಳಿಗೂ ಅದೇ ಸೂರು. ಊಟಕ್ಕೆ ಹೆಚ್ಚಾಗಿ ಗೋವಿನಜೋಳದ ಹಿಟ್ಟಿನ ಗಟ್ಟಿ ಅಂಬಲಿ, ಅವರ ಭಾಷೆಯಲ್ಲಿ ಪೊಲೆಂತ. ನಮ್ಮ ಮುದ್ದೆಯ ದಾಯಾದಿ ಎನ್ನಿ. ಮನುಷ್ಯ ಹಾಳಾಗುವುದಕ್ಕೆ ಮೂರು ದಾರಿ, ಹೆಣ್ಣು, ಜೂಜು, ಒಕ್ಕಲುತನ. ನಮ್ಮಪ್ಪ ಆ ಮೂರರಲ್ಲಿ ಬಹಳ ಬೇಸರದ್ದನ್ನು ಆರಿಸಿಕೊಂಡ ಎಂದು ಪೋಪ್ ಆದ ಮೇಲೂ ಅವರು ತಮಾಷೆ ಮಾಡುತ್ತಿದ್ದರಂತೆ.

ಹನ್ನೊಂದನೆಯ ವಯಸ್ಸಿಗೆ, 1892ರಲ್ಲಿ, ಬೆರ್ಗಾಮೊದ ಗುರುಮಠಕ್ಕೆ ಸೇರಿದರು. ಬಡವರ ಮನೆಯ ಚುರುಕು ಹುಡುಗನಿಗೆ ಓದಲು ಇದ್ದ ದಾರಿ ಅದೊಂದೇ. ಅಲ್ಲಿಂದ ವಿದ್ಯಾರ್ಥಿವೇತನದ ಮೇಲೆ ರೋಮಿಗೆ. 1904ರ ಆಗಸ್ಟಿನಲ್ಲಿ ಪಾದ್ರಿ ದೀಕ್ಷೆ. 1905ರಿಂದ 1914ರಲ್ಲಿ ಆ ಬಿಷಪ್ಪರು ತೀರಿಕೊಳ್ಳುವವರೆಗೆ ಅವರ ಕಾರ್ಯದರ್ಶಿ. ಮೊದಲನೆಯ ಮಹಾಯುದ್ಧದಲ್ಲಿ ಸೈನ್ಯದ ಆಸ್ಪತ್ರೆಯಲ್ಲಿ ಮೊದಲು ಸಾರ್ಜೆಂಟ್, ಆಮೇಲೆ ಪಾದ್ರಿ. ಗಾಯಾಳುಗಳನ್ನು ಎತ್ತಿ ಹಾಕಿದ ಕೈ ಅದು.

1925ರಿಂದ ಸುಮಾರು ಮೂವತ್ತು ವರ್ಷ ಅವರು ರೋಮಿನಿಂದ ದೂರವೇ ಉಳಿದರು. ಮೊದಲು ಬಲ್ಗೇರಿಯದಲ್ಲಿ ಹತ್ತು ವರ್ಷ. ಅದು ಬಡ್ತಿ ಎಂದು ಕಾಗದದ ಮೇಲಿತ್ತು. ನಿಜಕ್ಕೆ ಮರೆತುಬಿಟ್ಟ ಮೂಲೆಗೆ ಕಳಿಸಿದಂತೆಯೇ. ಅಲ್ಲಿ ಕ್ಯಾಥೊಲಿಕರು ಬೆರಳೆಣಿಕೆ, ಬಹುಪಾಲು ಜನ ಆರ್ಥೊಡಾಕ್ಸ್ ಪಂಗಡದವರು. ನಂತರ ತುರ್ಕಿ ಮತ್ತು ಗ್ರೀಸ್. ತುರ್ಕಿಯಲ್ಲಿ ಅತಾತುರ್ಕರ ಸರಕಾರ ಪುರೋಹಿತರ ಉಡುಪನ್ನು ಬೀದಿಯಲ್ಲಿ ನಿಷೇಧಿಸಿತು. ರೋಂಕಾಲಿಯವರು ಗೊಣಗದೆ ಕೋಟು ಷರಾಯಿ ತೊಟ್ಟರು. ಅಷ್ಟೇ ಅಲ್ಲ, ಚರ್ಚಿನಲ್ಲಿ ಕೆಲವು ಪ್ರಾರ್ಥನೆಗಳನ್ನು ತುರ್ಕಿ ಭಾಷೆಯಲ್ಲಿ ಹೇಳಿಸಿದರು. ಲ್ಯಾಟಿನ್ ಬಿಟ್ಟು ಬೀದಿಯ ಭಾಷೆ ತಂದರೆಂದು ಆಗಲೂ ಆಕ್ಷೇಪ ಬಂತು. ಎರಡನೆಯ ಮಹಾಯುದ್ಧದಲ್ಲಿ ಹಿಟ್ಲರನ ಕೈಯಿಂದ ತಪ್ಪಿಸಿಕೊಂಡು ಇಸ್ತಾಂಬುಲಿಗೆ ಬರುತ್ತಿದ್ದ ಯಹೂದ್ಯರಿಗೆ ದಾರಿ ಮಾಡಿಕೊಟ್ಟದ್ದು, ಹಂಗೇರಿ ರುಮೇನಿಯಗಳಲ್ಲಿ ಸಿಕ್ಕಿಬಿದ್ದವರಿಗೆ ವಲಸೆಯ ಪ್ರಮಾಣಪತ್ರಗಳನ್ನು ಚರ್ಚಿನ ಟಪ್ಪಾಲಿನಲ್ಲಿ ಮುಟ್ಟಿಸಿದ್ದು ಅವರ ಜೀವನದ ದೊಡ್ಡ ಕೆಲಸ. 1944ರ ಕೊನೆಗೆ ಪ್ಯಾರಿಸ್ಸಿಗೆ ರಾಯಭಾರಿಯಾಗಿ ಹೋದರು. ಅಲ್ಲಿ ನಾಜಿಗಳ ಕೈಗೊಂಬೆ ಸರಕಾರದ ಜೊತೆ ಕೈಜೋಡಿಸಿದ್ದ ಬಿಷಪ್ಪರನ್ನು ತೆಗೆಯಿರಿ ಎಂದು ಹೊಸ ಸರಕಾರ ಹಟ ಹಿಡಿದಿತ್ತು. ರೋಂಕಾಲಿಯವರು ಎಳೆದು ಎಳೆದು ಕೆಲವರ ರಾಜೀನಾಮೆಯಲ್ಲೇ ಮುಗಿಸಿದರು. ಚರ್ಚಿನವರು ಇದನ್ನು ಜಾಣ್ಮೆ ಎಂದು ಹೊಗಳುತ್ತಾರೆ. ನನಗೆ ಅದು ಹೊಗಳುವ ಸಂಗತಿಯಾಗಿ ಕಾಣುವುದಿಲ್ಲ.

1953ರಲ್ಲಿ ಕಾರ್ಡಿನಲ್ ಪದವಿ, ವೆನಿಸ್ ನಗರದ ಧರ್ಮಾಧ್ಯಕ್ಷತೆ. ಇಲ್ಲಿ ನಮ್ಮ ವಿಷಯಕ್ಕೆ ಹತ್ತಿರದ ಒಂದು ಘಟನೆ ಇದೆ. 1957ರ ಫೆಬ್ರವರಿಯಲ್ಲಿ ಇಟಲಿಯ ಸಮಾಜವಾದಿ ಪಕ್ಷದ ಮಹಾಧಿವೇಶನ ವೆನಿಸ್ಸಿನಲ್ಲಿ ಸೇರಿತು. ಪಿಯೆತ್ರೊ ನೆನ್ನಿ ಅವರ ನಾಯಕ. ಆ ಪಕ್ಷ ಆ ತನಕ ಕಮ್ಯುನಿಸ್ಟರ ಜೊತೆಗಾರ. ಹಂಗೇರಿಯಲ್ಲಿ ರಷ್ಯದ ಟ್ಯಾಂಕುಗಳು ನುಗ್ಗಿದ ಮೇಲೆ ಬೇರೆ ದಾರಿ ಹುಡುಕುತ್ತಿತ್ತು. ಚರ್ಚಿಗಾದರೋ ಸಮಾಜವಾದ ಎಂದರೆ ಅಸ್ಪೃಶ್ಯ. ಅಂಥ ಹೊತ್ತಿನಲ್ಲಿ ನಗರದ ಧರ್ಮಾಧ್ಯಕ್ಷರು, ನಮ್ಮ ಊರಿಗೆ ಬಂದ ಈ ಪ್ರತಿನಿಧಿಗಳಿಗೆ ಸ್ವಾಗತ, ನ್ಯಾಯದ ದಾರಿಯಲ್ಲಿ ಅವರ ಚರ್ಚೆ ಫಲ ಕೊಡಲಿ ಎಂಬ ಧಾಟಿಯಲ್ಲಿ ಬಹಿರಂಗ ಪತ್ರ ಹೊರಡಿಸಿದರು. ಬಲಪಂಥದ ಪತ್ರಿಕೆಗಳು ಕೂಗಾಡಿದವು. ಪತ್ರದಲ್ಲಿ ಅವರು ಸಮಾಜವಾದವನ್ನು ಒಪ್ಪಿರಲಿಲ್ಲ; ತತ್ತ್ವದ ಅಂತರವನ್ನು ನೆನಪಿಸಿಯೇ ಇದ್ದರು. ಮನೆಗೆ ಬಂದವರಿಗೆ ನೀರು ಕೊಟ್ಟು ಮಾತನಾಡಿಸುವುದು ಒಂದು, ಅವರ ಪಂಗಡ ಸೇರುವುದು ಇನ್ನೊಂದು. ಆದರೂ ಶಾಪ ಹಾಕುವ ಕಡೆ ನಮಸ್ಕಾರ ಹೇಳಿದ್ದು ಸಣ್ಣದಲ್ಲ.

1958ರ ಅಕ್ಟೋಬರಿನಲ್ಲಿ 12ನೆಯ ಪಯಸ್ ತೀರಿಕೊಂಡರು. ಕಾರ್ಡಿನಲ್ಲರು ಬಾಗಿಲು ಮುಚ್ಚಿಕೊಂಡು ಮತ ಹಾಕಿದರು. ಹೊಂದಾಣಿಕೆ ಸುಲಭವಾಗಲಿಲ್ಲ, ಹನ್ನೊಂದನೆಯ ಸುತ್ತಿನಲ್ಲಿ, ಅಕ್ಟೋಬರ್ 28ರಂದು, ರೋಂಕಾಲಿಯವರು ಆರಿಸಿ ಬಂದರು. ವಯಸ್ಸು 77ಕ್ಕೆ ಒಂದು ತಿಂಗಳು ಕಡಿಮೆ. ಎರಡು ಮೂರು ವರ್ಷ ಗದ್ದುಗೆ ಬೆಚ್ಚಗಿಟ್ಟುಕೊಂಡಿರಲಿ, ಅಷ್ಟರಲ್ಲಿ ನಿಜವಾದ ಉತ್ತರಾಧಿಕಾರಿಯನ್ನು ಹುಡುಕೋಣ ಎಂಬುದು ಆರಿಸಿದವರ ಲೆಕ್ಕ. ಹಂಗಾಮಿ ಪೋಪ್ ಎಂದು ಪತ್ರಿಕೆಗಳೇ ಬರೆದವು. ಹಂಗಾಮಿಯವರಿಂದ ಯಾರೂ ಕೆಲಸ ನಿರೀಕ್ಷಿಸುವುದಿಲ್ಲ. ಅದೇ ಅವರಿಗೆ ಅನುಕೂಲವಾಯಿತು.

ಮೊದಲ ವರ್ಷದ ಕೆಲಸಗಳು ಸಣ್ಣವು, ಆದರೆ ಜನ ನೋಡಿದ್ದು ಅವನ್ನೇ. ಆ ಡಿಸೆಂಬರಿನ ಕ್ರಿಸ್ಮಸ್ಸಿಗೆ ಮಕ್ಕಳ ಆಸ್ಪತ್ರೆಗೆ ಹೋದರು, ಮರುದಿನ ರೋಮಿನ ರೆಜಿನಾ ಚೇಲಿ ಸೆರೆಮನೆಗೆ. ನೀವು ನನ್ನ ಬಳಿ ಬರಲಾರಿರಿ, ಅದಕ್ಕೆ ನಾನೇ ಬಂದೆ ಎಂದು ಕೈದಿಗಳಿಗೆ ಹೇಳಿದರು. ನಮ್ಮ ಮನೆಯವನೊಬ್ಬ ಪರವಾನಗಿ ಇಲ್ಲದೆ ಬೇಟೆಯಾಡಿ ಸಿಕ್ಕಿಬಿದ್ದಿದ್ದ ಎಂದೂ ಹೇಳಿದರು. ಗದ್ದುಗೆಯ ಮೇಲೆ ಕುಳಿತವರು ತಮ್ಮ ಕುಲದಲ್ಲಿ ಜೈಲು ಕಂಡವರನ್ನು ನೆನೆಯುವುದು ಅಪರೂಪ. ಒಬ್ಬ ಕೊಲೆಗಾರ ಮುಂದೆ ಬಂದು ಮಂಡಿಯೂರಿ, ನಿಮ್ಮ ಮಾತು ನನ್ನಂಥವನಿಗೂ ಸಲ್ಲುತ್ತದೆಯೆ ಎಂದು ಕೇಳಿದ. ಪೋಪ್ ಬಗ್ಗಿ ಅವನನ್ನು ತಬ್ಬಿಕೊಂಡರು.

ವ್ಯಾಟಿಕನ್ನಿನಲ್ಲಿ ದುಡಿಯುವ ತೋಟದವರು, ಕಾವಲಿನವರು, ಗುಮಾಸ್ತರು, ಇವರ ಸಂಬಳ ಬಹಳ ಕಡಿಮೆಯಿತ್ತು. ಜಾನ್ ಅದನ್ನು ಏರಿಸಿದರು, ಮಕ್ಕಳೊಂದಿಗರಿಗೆ ಹೆಚ್ಚಾಗಿ. ಹಾಗೆ ಏರಿಸಿದರೆ ದಾನಧರ್ಮಕ್ಕೆ ಹಣ ಕಡಿಮೆಯಾಗುತ್ತದೆ ಎಂದು ಖಜಾನೆಯವರು ಎಚ್ಚರಿಸಿದಾಗ, ಹಾಗಾದರೆ ದಾನ ಕಡಿಮೆ ಮಾಡಿ, ದಾನಕ್ಕಿಂತ ನ್ಯಾಯ ಮುಂದು ಎಂದರಂತೆ. ಸಂಗಾತಿಗಳೆ, ಈ ಮಾತನ್ನು ನಮ್ಮ ಧರ್ಮಛತ್ರ ಕಟ್ಟಿಸುವ ಮಾಲೀಕರಿಗೆ ಯಾರಾದರೂ ಕಾಗದ ಬರೆದು ತಿಳಿಸಬೇಕು.

ಕಾರ್ಡಿನಲ್ಲರ ಸಂಖ್ಯೆ 70 ಮೀರಕೂಡದೆಂದು ಹದಿನಾರನೆಯ ಶತಮಾನದ ಪೋಪ್ ಒಬ್ಬರ ಕಟ್ಟಳೆ ಇತ್ತು. ಅದನ್ನು ಮುರಿದರು. 1960ರಲ್ಲಿ ಟಾಂಗನೀಕದ ಲಾರಿಯನ್ ರುಗಾಂಬ್ವ ಎಂಬ ಆಫ್ರಿಕದ ಕರಿಯರು, ಜಪಾನಿನ ಪೀಟರ್ ದೋಯಿ, ಫಿಲಿಪೈನ್ಸಿನ ರೂಫಿನೊ ಸಾಂತೋಸ್ ಕಾರ್ಡಿನಲ್ಲರಾದರು. ತಮ್ಮ ತಮ್ಮ ದೇಶಕ್ಕೆ ಅವರೇ ಮೊದಲಿಗರು. ಆಫ್ರಿಕದ ಕರಿಯರಲ್ಲಿ ಆಧುನಿಕ ಕಾಲಕ್ಕೆ ರುಗಾಂಬ್ವ ಅವರೇ ಮೊದಲಿಗರು. ಗುಡ್ ಫ್ರೈಡೆಯ ಪ್ರಾರ್ಥನೆಯಲ್ಲಿ ಯಹೂದ್ಯರನ್ನು ಹಳಿಯುವ ಒಂದು ಶಬ್ದ ಶತಮಾನಗಳಿಂದ ಇತ್ತು. 1959ರಲ್ಲಿ ಅದನ್ನು ತೆಗೆಸಿದರು. 1960ರ ಡಿಸೆಂಬರಿನಲ್ಲಿ ಇಂಗ್ಲೆಂಡಿನ ಕ್ಯಾಂಟರ್ಬರಿ ಆರ್ಚ್‌ಬಿಷಪ್ ಜೆಫ್ರಿ ಫಿಷರ್ ಅವರನ್ನು ಮನೆಗೆ ಬರಮಾಡಿಕೊಂಡರು. ಎರಡೂ ಚರ್ಚುಗಳು ಬೇರೆಯಾದ ಮೇಲೆ ಅಂಥ ಭೇಟಿ ಇದೇ ಮೊದಲು.

ಇನ್ನು ದೊಡ್ಡ ಕೆಲಸಕ್ಕೆ ಬರುತ್ತೇನೆ. ಗದ್ದುಗೆ ಏರಿ ಮೂರು ತಿಂಗಳೂ ತುಂಬಿರಲಿಲ್ಲ. 1959ರ ಜನವರಿ 25ರಂದು ರೋಮಿನ ಸಂತ ಪೌಲರ ಚರ್ಚಿನಲ್ಲಿ ಹದಿನೇಳು ಮಂದಿ ಕಾರ್ಡಿನಲ್ಲರನ್ನು ಕೂಡಿಸಿ, ಇಡೀ ಜಗತ್ತಿನ ಬಿಷಪ್ಪರ ಮಹಾಸಭೆ ಕರೆಯುತ್ತೇನೆ ಎಂದು ಹೇಳಿಬಿಟ್ಟರು. ಹದಿನೇಳು ಜನವೂ ಸುಮ್ಮನೆ ಕುಳಿತರು. ಒಬ್ಬರ ಬಾಯಿಂದಲೂ ಮಾತಿಲ್ಲ. ಭಕ್ತಿಯಿಂದ ಮೌನವಾಗಿದ್ದರು ಎಂದು ಜಾನ್ ಆಮೇಲೆ ಹೇಳಿದರು. ಹಾಗೆ ಹೇಳುವ ಸೌಜನ್ಯ ಅವರಿಗಿತ್ತು. ಅದಕ್ಕೆ ಮೊದಲಿನ ಮಹಾಸಭೆ ಸೇರಿದ್ದು 1869-70ರಲ್ಲಿ. ಆಗ ಪೋಪ್ ಧರ್ಮದ ವಿಷಯದಲ್ಲಿ ಅಧಿಕೃತವಾಗಿ ನುಡಿದರೆ ತಪ್ಪಾಗಲಾರದು ಎಂದು ತೀರ್ಮಾನವಾಗಿತ್ತು. ಒಬ್ಬರ ಮಾತೇ ಅಂತಿಮವಾದ ಮೇಲೆ ಸಭೆ ಏತಕ್ಕೆ ಎಂದು ಬಹಳ ಮಂದಿ ಭಾವಿಸಿದ್ದರು. ಆ ಅಧಿಕಾರ ಕೈಯಲ್ಲಿದ್ದವರೇ ಸಭೆ ಕರೆದದ್ದು ವಿಶೇಷ.

ರೋಮಿನ ಕಚೇರಿಯವರಿಗೆ ಇದು ಬೇಡವಾಗಿತ್ತು. ವ್ಯಾಟಿಕನ್ನಿನ ಕಚೇರಿಗಳನ್ನು ಒಟ್ಟಿಗೆ ಕೂರಿಯ ಎನ್ನುತ್ತಾರೆ. ನಮ್ಮ ಕಡೆ ಅಮಲ್ದಾರರ ಕಚೇರಿಯ ಹಳೇ ಶಿರಸ್ತೇದಾರರು ಇದ್ದಂತೆ: ಅಮಲ್ದಾರ ಬರುತ್ತಾನೆ, ಹೋಗುತ್ತಾನೆ, ಫೈಲು ಅವರ ಕೈಯಲ್ಲಿ. ಅವರ ಮುಂದಾಳು ಕಾರ್ಡಿನಲ್ ಅಲ್ಫ್ರೆದೊ ಒತ್ತಾವಿಯಾನಿ, ಧರ್ಮನಿಷ್ಠೆಯನ್ನು ಕಾಯುವ ಇಲಾಖೆಯವರು. ‘ಸದಾ ಒಂದೇ ರೀತಿ’ ಎಂಬುದು ಅವರ ಬಿರುದಿನ ವಾಕ್ಯ. ಅವರೂ ಬಡವರ ಮಗನೇ, ರೋಮಿನ ಬಡವರ ಕೇರಿಯ ರೊಟ್ಟಿ ಸುಡುವವನ ಮಗ. ಆದ್ದರಿಂದ ಬಡತನದಲ್ಲಿ ಹುಟ್ಟಿದವರೆಲ್ಲ ಬಡವರ ಪಕ್ಷ ಎಂದು ನಂಬಿ ಕೂರಬೇಡಿ.

ಮೂರು ವರ್ಷ ಸಿದ್ಧತೆ ನಡೆಯಿತು. ಕಚೇರಿಯವರು ಎಪ್ಪತ್ತರಷ್ಟು ಕರಡುಗಳನ್ನು ತಯಾರಿಸಿದರು. ಬಿಷಪ್ಪರು ಬಂದು ಕೈಯೆತ್ತಿ ಮನೆಗೆ ಹೋಗಲಿ ಎಂಬುದು ಅವರ ಅಂದಾಜು. 1962ನೆಯ ಅಕ್ಟೋಬರ್ 11ರಂದು ಸಂತ ಪೇತ್ರರ ಚರ್ಚಿನಲ್ಲಿ ಸುಮಾರು 2,500 ಬಿಷಪ್ಪರು ಸೇರಿದರು. ಹಿಂದಿನ ಮಹಾಸಭೆಗೆ ಬಂದವರು ಏಳುನೂರರ ಹತ್ತಿರ ಮಾತ್ರ. ಈ ಸಲ ಆಫ್ರಿಕ, ಏಷ್ಯ, ದಕ್ಷಿಣ ಅಮೆರಿಕದವರು ಕಣ್ಣಿಗೆ ಕಾಣುವಷ್ಟಿದ್ದರು. ಬೇರೆ ಪಂಗಡದ ಕ್ರೈಸ್ತರೂ ವೀಕ್ಷಕರಾಗಿ ಕುಳಿತಿದ್ದರು. ಉದ್ಘಾಟನೆಯ ಭಾಷಣದಲ್ಲಿ ಜಾನ್, ಕಾಲ ಕೆಟ್ಟಿತು, ಲೋಕ ಮುಳುಗಿತು ಎಂದು ಸದಾ ಹಲುಬುವವರ ಮಾತು ನನಗೆ ಒಪ್ಪಿಗೆಯಿಲ್ಲ ಎಂದು ಎದುರಿಗೇ ಹೇಳಿದರು. ಖಂಡನೆಯ ಬೆತ್ತ ಬಿಟ್ಟು ಕರುಣೆಯ ಮದ್ದು ಹಿಡಿಯೋಣ ಎಂಬುದು ಅವರ ಮಾತಿನ ಸಾರ.

ಈಗ ಸಂಘದ ಕೆಲಸ ಮಾಡುವವರು ಸ್ವಲ್ಪ ಗಮನಕೊಟ್ಟು ಕೇಳಬೇಕು. ಅಕ್ಟೋಬರ್ 13ರಂದು ಮೊದಲ ಕಾರ್ಯಕಲಾಪ. ಹತ್ತು ಸಮಿತಿಗಳಿಗೆ ತಲಾ ಹದಿನಾರರಂತೆ 160 ಸದಸ್ಯರನ್ನು ಆಗಲೇ, ಅಲ್ಲೇ, ಆರಿಸಬೇಕೆಂದು ಕಾರ್ಯಸೂಚಿ. ಸಭೆಗೆ ಬಂದವರಿಗೆ ಒಬ್ಬರ ಮುಖ ಒಬ್ಬರಿಗೆ ಗೊತ್ತಿಲ್ಲ. ಕೈಗೆ ಕೊಟ್ಟ ಕಾಗದದಲ್ಲಿ ಹಿಂದಿನ ಸಿದ್ಧತಾ ಸಮಿತಿಗಳಲ್ಲಿದ್ದವರ ಹೆಸರುಗಳು. ಗೊತ್ತಿಲ್ಲದವರು ಕಂಡ ಹೆಸರನ್ನೇ ಬರೆಯುತ್ತಾರೆ; ಹಳೆಯವರೇ ಮತ್ತೆ ಬರುತ್ತಾರೆ; ಸಮಿತಿ ಯಾರದೋ ತೀರ್ಮಾನ ಅವರದು. ಈ ಉಪಾಯ ನೀವು ನೋಡದ್ದೇನಲ್ಲ. ಸಹಕಾರ ಸಂಘದ ವಾರ್ಷಿಕ ಸಭೆಯಲ್ಲಿ ಅಚ್ಚು ಹಾಕಿಸಿಕೊಂಡು ಬಂದ ಪಟ್ಟಿ ಓದಿ, ಆಕ್ಷೇಪಣೆ ಇಲ್ಲವಲ್ಲ, ಪಾಸಾಯಿತು ಎನ್ನುವುದಿಲ್ಲವೆ?

ಆಗ ಫ್ರಾನ್ಸಿನ ಲೀಲ್ ನಗರದ ಕಾರ್ಡಿನಲ್ ಆಶಿಲ್ ಲಿಯೆನಾರ್ ಎದ್ದು ನಿಂತರು. ನಮಗೆ ಒಬ್ಬರನ್ನೊಬ್ಬರು ಅರಿಯಲು ಕಾಲ ಬೇಕು, ಚುನಾವಣೆ ಮುಂದಕ್ಕೆ ಹಾಕಿ ಎಂದರು. ಜರ್ಮನಿಯ ಕಾರ್ಡಿನಲ್ ಫ್ರಿಂಗ್ಸ್ ಅನುಮೋದಿಸಿದರು. ಇಡೀ ಸಭೆ ಚಪ್ಪಾಳೆ ತಟ್ಟಿತು. ಅರ್ಧ ಗಂಟೆಯೊಳಗೆ ಅಂದಿನ ಸಭೆ ಮುಗಿದುಹೋಯಿತು. ಕೆಲವು ದಿನಗಳ ಮೇಲೆ ಬಿಷಪ್ಪರು ದೇಶದೇಶದವರು ಕೂಡಿ ತಮ್ಮದೇ ಪಟ್ಟಿ ಮಾಡಿಕೊಂಡು ಬಂದರು. ಮಹಾಸಭೆ ಬಿಷಪ್ಪರದಾದದ್ದು ಆ ಅರ್ಧ ಗಂಟೆಯಲ್ಲಿ.

ಈ ಲಿಯೆನಾರ್ ಯಾರು ಗೊತ್ತೆ? ಲೀಲ್ ಪ್ರದೇಶ ಫ್ರಾನ್ಸಿನ ಬಟ್ಟೆ ಗಿರಣಿಗಳ ನಾಡು. 1928-29ರಲ್ಲಿ ಅಲ್ಲುವಾಂ ಎಂಬ ಊರಿನಲ್ಲಿ ತಿಂಗಳುಗಟ್ಟಲೆ ಗಿರಣಿ ಮುಷ್ಕರ ನಡೆದಾಗ, ಆಗಷ್ಟೇ ಬಿಷಪ್ಪರಾಗಿದ್ದ ಅವರು ಮುಷ್ಕರದವರ ಕುಟುಂಬಗಳಿಗಾಗಿ ಎತ್ತಿದ ವಂತಿಗೆಗೆ ಹಣ ಕೊಟ್ಟಿದ್ದರು. ಗಿರಣಿ ಮಾಲೀಕರ ಒಕ್ಕೂಟದ ಮುಖಂಡ ಯೂಜೆನ್ ಮಾತೋನ್ ಕ್ರೈಸ್ತ ಕಾರ್ಮಿಕ ಸಂಘಗಳ ಮೇಲೆ ರೋಮಿಗೆ ದೂರು ಒಯ್ದಿದ್ದರು. 1929ರಲ್ಲಿ ರೋಮಿನ ತೀರ್ಪು ಸಂಘಗಳ ಪರವಾಗಿ ಬಂತು, ಮರುವರ್ಷ ಲಿಯೆನಾರ್ ಕಾರ್ಡಿನಲ್ಲರಾದರು. ರಾನಿಕಾದ ಕಾರ್ಯದರ್ಶಿ ಗದ್ದುಗೆಯ ಮೇಲೆ, ಅಲ್ಲುವಾಂನ ಬಿಷಪ್ಪರು ಸಭೆಯ ನಡುವೆ. ಎರಡು ಗಿರಣಿಯ ಮುಷ್ಕರಗಳು ಹೀಗೆ ಸಂತ ಪೇತ್ರರ ಚರ್ಚಿನೊಳಗೆ ಸಂಧಿಸಿದ್ದನ್ನು ಯಾರೂ ಯೋಜಿಸಿರಲಿಲ್ಲ.

ಅದೇ ತಿಂಗಳ 30ರಂದು ಇನ್ನೊಂದು ಪ್ರಸಂಗ. ಪೂಜೆಯ ವಿಧಿಗಳ ಬದಲಾವಣೆಯನ್ನು ವಿರೋಧಿಸಿ ಒತ್ತಾವಿಯಾನಿ ಮಾತನಾಡುತ್ತಿದ್ದರು. ಪ್ರತಿಯೊಬ್ಬರಿಗೂ ಹತ್ತು ನಿಮಿಷ ಎಂದು ನಿಯಮ. ಅವರು ದಾಟಿದರು. ಅಂದಿನ ಅಧ್ಯಕ್ಷರು ಹಾಲೆಂಡಿನ ಕಾರ್ಡಿನಲ್ ಆಲ್ಫ್ರಿಂಕ್. ಎಚ್ಚರಿಸಿದರು, ಆಮೇಲೆ ಮೈಕು ನಿಲ್ಲಿಸಿದರು. ಸಭೆಯಲ್ಲಿ ಚಪ್ಪಾಳೆ. ಕಣ್ಣು ಮಬ್ಬಾಗಿದ್ದ ಆ ಮುದುಕರು ಅವಮಾನದಿಂದ ಕೆಲವು ದಿನ ಸಭೆಗೇ ಬರಲಿಲ್ಲ. ಎದುರಾಳಿಯ ಮಾತಿಗೆ ಮೈಕು ನಿಂತಾಗ ಚಪ್ಪಾಳೆ ತಟ್ಟುವುದು ಸುಲಭ. ನಿಯಮ ಎಲ್ಲರಿಗೂ ಒಂದೇ ಆಗಿತ್ತೆಂಬುದಷ್ಟೇ ಅಲ್ಲಿ ಮೆಚ್ಚತಕ್ಕದ್ದು.

ನವೆಂಬರಿನಲ್ಲಿ ಧರ್ಮಗ್ರಂಥ ಮತ್ತು ಸಂಪ್ರದಾಯಗಳ ಬಗ್ಗೆ ಕಚೇರಿಯವರ ಕರಡು ಬಂತು. ಇದನ್ನು ಬದಿಗಿಡಬೇಕು ಎಂದವರು 1,368, ಇರಲಿ ಎಂದವರು 822. ಬಹುಮತ ಇತ್ತು, ಮೂರರಲ್ಲಿ ಎರಡು ಪಾಲು ಇರಲಿಲ್ಲ. ನೂರು ಚಿಲ್ಲರೆ ಮತ ಕಡಿಮೆ. ನಿಯಮದ ಪ್ರಕಾರ ಕರಡು ಉಳಿಯಬೇಕು. ಮರುದಿನ ಪೋಪ್ ತಾವೇ ನಡುವೆ ಬಂದು ಅದನ್ನು ಹಿಂದಕ್ಕೆ ತೆಗೆಸಿ, ಎರಡೂ ಕಡೆಯವರು ಕೂಡಿದ ಹೊಸ ಸಮಿತಿಗೆ ಒಪ್ಪಿಸಿದರು. ಅಲ್ಪಮತದ ಹಿಡಿತದಿಂದ ಬಹುಮತವನ್ನು ಬಿಡಿಸಲು ಅವರು ಬಳಸಿದ್ದು ತಮ್ಮ ಏಕಾಧಿಕಾರವನ್ನೇ. ಇದರಲ್ಲಿ ತೊಡಕಿದೆ. ಒಳ್ಳೆಯ ಪೋಪ್ ಇದ್ದಾಗ ಒಳ್ಳೆಯದಾಯಿತು, ಇಲ್ಲದಾಗ? ಆ ಪ್ರಶ್ನೆಗೆ ಮಹಾಸಭೆ ಪೂರ್ತಿ ಉತ್ತರ ಕೊಡಲೇ ಇಲ್ಲ.

ಪೋಪರು ಬರೆಯುವ ಸುತ್ತೋಲೆಗಳಲ್ಲಿ ಎರಡನ್ನು ನಾವು ತಿಳಿದಿರಬೇಕು. ಮೊದಲನೆಯದು 1961ರ ‘ಮಾತೆರ್ ಎತ್ ಮಾಜಿಸ್ತ್ರ’. 1891ರಲ್ಲಿ 13ನೆಯ ಲಿಯೊ ಕಾರ್ಮಿಕರ ವಿಷಯವಾಗಿ ಹೊರಡಿಸಿದ ಸುತ್ತೋಲೆಗೆ ಎಪ್ಪತ್ತು ವರ್ಷ ತುಂಬಿದ ಸಂದರ್ಭ. ಕೂಲಿಯನ್ನು ಮಾರುಕಟ್ಟೆಯ ಏರಿಳಿತಕ್ಕೂ ಬಲಿಷ್ಠರ ಇಷ್ಟಕ್ಕೂ ಬಿಡಕೂಡದು. ಕೆಲಸಗಾರನಿಗೆ ಉದ್ಯಮದ ನಡವಳಿಕೆಯಲ್ಲಿ ಪಾಲಿರಬೇಕು. ಆಸ್ತಿಯ ಹಕ್ಕಿದ್ದರೂ ಅದಕ್ಕೆ ಸಮಾಜದ ಹೊಣೆ ಅಂಟಿಕೊಂಡಿದೆ. ಕೈಕಸುಬಿನವರು, ಸಣ್ಣ ಒಕ್ಕಲಿಗರು, ಸಹಕಾರ ಸಂಘಗಳನ್ನು ಸರಕಾರ ಕಾಪಾಡಬೇಕು. ಸಿರಿವಂತ ದೇಶಗಳು ಬಡ ದೇಶಗಳಿಗೆ ನೆರವಾಗಬೇಕು, ಆದರೆ ಆ ನೆರವನ್ನು ಯಜಮಾನಿಕೆಯ ಹಗ್ಗ ಮಾಡಿಕೊಳ್ಳಬಾರದು. ವ್ಯವಸಾಯದ ಬಗ್ಗೆ ಅದರಲ್ಲಿ ಇರುವಷ್ಟು ಮಾತು ಹಿಂದಿನ ಯಾವ ಸುತ್ತೋಲೆಯಲ್ಲೂ ಇರಲಿಲ್ಲ. ಕೋರಿನ ಒಕ್ಕಲಿನ ಮನೆಯ ನೆನಪು ಅಲ್ಲಿ ಕೆಲಸ ಮಾಡಿದೆ ಎಂದು ನನ್ನ ಎಣಿಕೆ. ಆದರೆ ಸಮಾಜವಾದಿಗಳು ಬೀಗುವುದಕ್ಕೆ ಕಾರಣವಿಲ್ಲ. ಸೌಮ್ಯ ಸಮಾಜವಾದವನ್ನು ಕೂಡ ಕ್ಯಾಥೊಲಿಕರು ಒಪ್ಪಲಾಗದೆಂಬ 11ನೆಯ ಪಯಸರ ಮಾತನ್ನು ಅದೇ ಸುತ್ತೋಲೆ ನೆನಪಿಸುತ್ತದೆ. ನಮಗೆ ಹಿತವಾದ ಸಾಲು ಮಾತ್ರ ಓದಿ ಪುಸ್ತಕ ಮುಚ್ಚುವುದು ಸರಿಯಲ್ಲ.

ಎರಡನೆಯದು 1963ನೆಯ ಏಪ್ರಿಲ್ 11ರ ‘ಪಾಚೆಮ್ ಇನ್ ತೆರ್ರಿಸ್’, ಭೂಮಿಯ ಮೇಲೆ ಶಾಂತಿ. ಇದರ ಹಿನ್ನೆಲೆ ಹಿಂದಿನ ಅಕ್ಟೋಬರ್. ಮಹಾಸಭೆ ಶುರುವಾದ ಕೆಲವೇ ದಿನಕ್ಕೆ ಕ್ಯೂಬಾದ ಕ್ಷಿಪಣಿಗಳ ಮೇಲೆ ಅಮೆರಿಕ ರಷ್ಯಗಳು ಅಣುಯುದ್ಧದ ಅಂಚಿಗೆ ಹೋದವು. ಅಕ್ಟೋಬರ್ 25ರಂದು ಜಾನ್ ವ್ಯಾಟಿಕನ್ ರೇಡಿಯೋದಲ್ಲಿ ಎರಡೂ ಕಡೆಯವರಿಗೆ ಮಾತುಕತೆಗೆ ಬನ್ನಿ ಎಂದು ಮೊರೆಯಿಟ್ಟರು. ಯಾರ ಮೇಲೂ ತಪ್ಪು ಹೊರಿಸಲಿಲ್ಲ. ಮರುದಿನ ಮಾಸ್ಕೋದ ‘ಪ್ರಾವ್ದಾ’ ಮೊದಲ ಪುಟದಲ್ಲಿ ಅದನ್ನು ಅಚ್ಚು ಮಾಡಿತು. ದೇವರನ್ನು ಒಪ್ಪದ ಸರಕಾರದ ಪತ್ರಿಕೆ ಪೋಪರ ಮಾತನ್ನು ಮುಂಪುಟದಲ್ಲಿ ಹಾಕಿತು! ಮುಂದೆ ಉಕ್ರೇನಿನ ಆರ್ಚ್‌ಬಿಷಪ್ ಸ್ಲಿಪಿ 18 ವರ್ಷದ ಸೆರೆಯಿಂದ 1963ರಲ್ಲಿ ಬಿಡುಗಡೆಯಾದರು. ಮಾರ್ಚ್ 7ರಂದು ಕ್ರುಶ್ಚೇವರ ಅಳಿಯ, ‘ಇಜ್ವೆಸ್ತಿಯಾ’ ಸಂಪಾದಕ ಅಜುಬೇ, ಹೆಂಡತಿಯೊಡನೆ ಪೋಪರನ್ನು ಕಂಡರು.

ಹಿಂದಿನ ಸುತ್ತೋಲೆಗಳು ಚರ್ಚಿನವರಿಗೆ ಬರೆದವು. ಇದನ್ನು ಒಳ್ಳೆಯ ಮನಸ್ಸಿನ ಎಲ್ಲ ಜನರಿಗೆ ಎಂದು ಬರೆದರು. ಕಾಲದ ಮೂರು ಗುರುತುಗಳನ್ನು ಅದರಲ್ಲಿ ಎಣಿಸಿದರು. ದುಡಿಯುವ ವರ್ಗ ಮೇಲೆದ್ದಿದೆ. ಹೆಣ್ಣುಮಕ್ಕಳು ಸಾರ್ವಜನಿಕ ಜೀವನಕ್ಕೆ ಬಂದು ತಮ್ಮ ಹಕ್ಕು ಕೇಳುತ್ತಿದ್ದಾರೆ. ಒಂದು ದೇಶ ಇನ್ನೊಂದನ್ನು ಆಳುವ ಕಾಲ ಮುಗಿಯುತ್ತಿದೆ. ಹೀಗಾಯಿತಲ್ಲ ಎಂದು ಮರುಗಲಿಲ್ಲ, ಇದು ಆಗಬೇಕಾದದ್ದು ಎಂದರು. ಅಣು ಅಸ್ತ್ರಗಳ ಕಾಲದಲ್ಲಿ ಯುದ್ಧದಿಂದ ನ್ಯಾಯ ದೊರಕಿಸುತ್ತೇವೆ ಎನ್ನುವುದು ಬುದ್ಧಿಗೆ ಒಪ್ಪುವ ಮಾತಲ್ಲ ಎಂದರು. ತಪ್ಪು ಸಿದ್ಧಾಂತ ಬೇರೆ, ಆ ಸಿದ್ಧಾಂತದಿಂದ ಹುಟ್ಟಿ ಕಾಲದೊಡನೆ ಬದಲಾಗುವ ಚಳವಳಿ ಬೇರೆ. ಚಳವಳಿಯಲ್ಲಿ ಒಳ್ಳೆಯ ಅಂಶ ಇರಬಹುದು ಎಂಬ ಒಂದು ಭೇದವನ್ನೂ ಮಾಡಿದರು. ಇಟಲಿಯಲ್ಲಿ ಎಲ್ಲರಿಗೂ ಇದು ಯಾರ ಮಾತೆಂದು ಅರ್ಥವಾಯಿತು. ಅದೇ ಏಪ್ರಿಲ್ 28ರ ಚುನಾವಣೆಯಲ್ಲಿ ಕಮ್ಯುನಿಸ್ಟರ ಮತ ನೂರಕ್ಕೆ 25 ದಾಟಿದಾಗ, ಪೋಪೇ ಕೆಡಿಸಿದರು ಎಂದು ಬಲಪಂಥದವರು ಕೆಂಡ ಕಾರಿದರು. ಆ ಡಿಸೆಂಬರಿನಲ್ಲಿ ನೆನ್ನಿಯವರ ಪಕ್ಷ ಕ್ರೈಸ್ತ ಡೆಮಾಕ್ರಟರ ಸಂಗಡ ಸರಕಾರ ಸೇರಿತು.

ಇಷ್ಟು ಹೇಳಿ ನಿಲ್ಲಿಸಿದರೆ ನಾನು ಭಜನೆ ಮಾಡಿದಂತಾಗುತ್ತದೆ. ಫ್ರಾನ್ಸಿನಲ್ಲಿ ಕೆಲವು ಪಾದ್ರಿಗಳು 1940ರ ದಶಕದಿಂದ ಕಾರ್ಖಾನೆಗೆ ಸೇರಿ ಕೂಲಿ ದುಡಿಯುತ್ತಿದ್ದರು, ಸಂಘದ ಸದಸ್ಯರಾಗುತ್ತಿದ್ದರು. 1954ರಲ್ಲಿ ಅದಕ್ಕೆ ಕತ್ತರಿ ಬಿದ್ದಿತ್ತು. 1959ರಲ್ಲಿ ಪೂರ್ತಿ ನಿಂತದ್ದು ಇದೇ ಜಾನರ ಕಾಲದಲ್ಲಿ, ಅವರ ಕಚೇರಿಯ ಆಜ್ಞೆಯಿಂದ. ಅದೇ ವರ್ಷ ಕಮ್ಯುನಿಸ್ಟರ ಜೊತೆಗಾರ ಪಕ್ಷಗಳಿಗೂ ಮತ ಹಾಕಬಾರದೆಂದು ಒತ್ತಾವಿಯಾನಿಯವರ ಇಲಾಖೆ ಸಾರಿತು. 1962ರಲ್ಲಿ ಗುರುಮಠಗಳಲ್ಲಿ ಲ್ಯಾಟಿನ್ನಿನಲ್ಲೇ ಪಾಠ ಹೇಳಬೇಕೆಂದು ಜಾನ್ ತಾವೇ ರುಜು ಹಾಕಿದರು. ತುರ್ಕಿ ಭಾಷೆಯಲ್ಲಿ ಪ್ರಾರ್ಥನೆ ಹೇಳಿಸಿದ ಕೈ ಅದೇ. ಹೆಣ್ಣುಮಕ್ಕಳ ಹಕ್ಕಿನ ಮಾತು ಚರ್ಚಿನ ಹೊಸ್ತಿಲವರೆಗೆ ಬಂತು. ಅವರಿಗೆ ಗುರುದೀಕ್ಷೆಯ ಮಾತು ಒಳಗೆ ಬರಲಿಲ್ಲ. ಸ್ವಭಾವದಿಂದ ಅವರು ಹಳೆಯ ಕಾಲದ ಭಕ್ತರು, ಜಪಮಾಲೆಯ ಮನುಷ್ಯರು. ತಮ್ಮ ಕಚೇರಿಯವರೊಡನೆ ಜಗಳವಾಡಿ ಗೆಲ್ಲುವುದಕ್ಕಿಂತ ಅವರನ್ನು ಸುತ್ತಿಕೊಂಡು ಹೋಗುವುದು ಅವರ ರೀತಿ. ಸುತ್ತು ದಾರಿಯಲ್ಲಿ ಕೆಲವರು ತುಳಿತಕ್ಕೆ ಸಿಕ್ಕರು.

ಹೊಟ್ಟೆಯ ಕ್ಯಾನ್ಸರ್ ಎಂದು 1962ರ ಶರತ್ಕಾಲದಲ್ಲೇ ತಿಳಿದಿತ್ತು. ಹಳ್ಳಿಯಿಂದ ತಮ್ಮಂದಿರೂ ತಂಗಿಯೂ ಬಂದು ಹಾಸಿಗೆಯ ಬಳಿ ಇದ್ದರು. ಅಣ್ಣ ಪೋಪ್ ಆದರೂ ಅವರು ಒಕ್ಕಲಿಗರಾಗಿಯೇ ಉಳಿದಿದ್ದರು. ಪದವಿಯಾಗಲಿ ಜಹಗೀರಾಗಲಿ ಯಾರಿಗೂ ಬಂದಿರಲಿಲ್ಲ. ಹಿಂದಿನ ಪೋಪರ ನೆಂಟರು ರಾಜಕುಮಾರರಾದದ್ದನ್ನು ಕಂಡಿದ್ದ ರೋಮಿಗೆ ಇದು ಹೊಸದು. 1963ನೆಯ ಜೂನ್ 3ರಂದು ತೀರಿಕೊಂಡರು. ಗದ್ದುಗೆಯಲ್ಲಿದ್ದದ್ದು ಐದು ವರ್ಷವೂ ಇಲ್ಲ.

ಮಹಾಸಭೆಯನ್ನು ಮುಂದಿನ ಪೋಪ್ 6ನೆಯ ಪೌಲ್ 1965ರ ಡಿಸೆಂಬರ್ 8ರವರೆಗೆ ನಡೆಸಿ 16 ನಿರ್ಣಯಗಳೊಂದಿಗೆ ಮುಗಿಸಿದರು. ಪೂಜೆಯಲ್ಲಿ ಜನರ ಭಾಷೆಗೆ ದಾರಿ ತೆರೆದ ನಿರ್ಣಯಕ್ಕೆ 1963ರ ಡಿಸೆಂಬರ್ 4ರಂದು 2,147 ಮತ ಪರ, 4 ವಿರೋಧ. ನಮ್ಮ ನಾಡಿಗೆ ಅದು ಹೀಗೆ ಮುಟ್ಟಿತು: ಅಲ್ಲಿಯ ತನಕ ಬೆಂಗಳೂರು, ಮೈಸೂರು, ಮಂಗಳೂರುಗಳ ಚರ್ಚುಗಳಲ್ಲಿ ಪಾದ್ರಿ ಜನರಿಗೆ ಬೆನ್ನು ಮಾಡಿ ಲ್ಯಾಟಿನ್ನಿನಲ್ಲಿ ಪೂಜೆ ಹೇಳುತ್ತಿದ್ದರು; ಕೇಳುವವರಿಗೆ ಅದು ನಮ್ಮ ಮದುವೆಯ ಮಂತ್ರದಷ್ಟೇ ಅರ್ಥವಾಗುತ್ತಿತ್ತು. ಆಮೇಲೆ ಕನ್ನಡ, ಕೊಂಕಣಿ, ತಮಿಳುಗಳಲ್ಲಿ ಪೂಜೆ ಬಂತು. ಭಾರತದ ಭಾಷೆ ಸಂಸ್ಕೃತಿಗಳಿಗೆ ಪೂಜೆಯನ್ನು ಹೊಂದಿಸುವ ಕೆಲಸಕ್ಕೆ 1967ರಲ್ಲಿ ಬೆಂಗಳೂರಿನಲ್ಲಿಯೇ ಒಂದು ರಾಷ್ಟ್ರೀಯ ಕೇಂದ್ರ ತೆರೆದರು. ಜನರ ಭಾಷೆ ಎಂದ ಕೂಡಲೆ, ಯಾವ ಜನರ ಭಾಷೆ ಎಂಬ ಪ್ರಶ್ನೆ ಹಿಂದೆಯೇ ಬರುತ್ತದೆ. ಬೆಂಗಳೂರಿನ ಚರ್ಚುಗಳಲ್ಲಿ ಕನ್ನಡ, ತಮಿಳು ಎಂದು ವರ್ಷಗಟ್ಟಲೆ ಜಗಳ ನಡೆದದ್ದು ಅದರ ಫಲ. ಲ್ಯಾಟಿನ್ ಇದ್ದಾಗ ಆ ಜಗಳಕ್ಕೆ ಅವಕಾಶವಿರಲಿಲ್ಲ, ಏಕೆಂದರೆ ಯಾರಿಗೂ ಏನೂ ಸಿಕ್ಕಿರಲಿಲ್ಲ.

1965ರಲ್ಲಿ ಧಾರ್ಮಿಕ ಸ್ವಾತಂತ್ರ್ಯದ ನಿರ್ಣಯವಾಯಿತು, ಯಹೂದ್ಯರ ಮೇಲಿನ ಹಳೆಯ ಆರೋಪ ಕೈಬಿಟ್ಟರು, ಹಿಂದೂ, ಬೌದ್ಧ, ಇಸ್ಲಾಂ ಧರ್ಮಗಳ ಬಗ್ಗೆ ಗೌರವದ ಮಾತು ಬಂತು. ಕಾರ್ಖಾನೆಯ ಪಾದ್ರಿಗಳಿಗೆ ಅದೇ ವರ್ಷ ಮತ್ತೆ ಅಪ್ಪಣೆ ಸಿಕ್ಕಿತು. 1966ರಲ್ಲಿ ನಿಷಿದ್ಧ ಪುಸ್ತಕಗಳ ಪಟ್ಟಿ ರದ್ದಾಯಿತು. ಸಂತಾನ ನಿಯಂತ್ರಣವನ್ನು ಪರಿಶೀಲಿಸಲು ಜಾನ್ ಒಂದು ಸಣ್ಣ ಸಮಿತಿ ನೇಮಿಸಿದ್ದರು. ಅದು ಬೆಳೆದು, ಅದರ ಬಹುಮತ ಬದಲಾವಣೆ ಆಗಲಿ ಎಂದಿತು. 1968ರಲ್ಲಿ 6ನೆಯ ಪೌಲ್ ಅದನ್ನು ತಳ್ಳಿಹಾಕಿದರು. ಬಹುಮತ ಒಂದು ಕಡೆ, ಒಬ್ಬರ ರುಜು ಇನ್ನೊಂದು ಕಡೆ.

ಜಾನರನ್ನು 2000ನೆಯ ಇಸವಿಯಲ್ಲಿ ಚರ್ಚು ಪುಣ್ಯವಂತರೆಂದು ಸಾರಿತು. ಅದೇ ದಿನ, ಅದೇ ವೇದಿಕೆಯಲ್ಲಿ, 9ನೆಯ ಪಯಸರನ್ನೂ ಸಾರಿತು. 1864ರಲ್ಲಿ ಪ್ರಗತಿ, ಉದಾರವಾದ, ಆಧುನಿಕ ನಾಗರಿಕತೆ ಇವುಗಳೊಡನೆ ಪೋಪ್ ರಾಜಿಯಾಗಬೇಕೆಂಬುದನ್ನು ತಪ್ಪುಗಳ ಪಟ್ಟಿಯಲ್ಲಿ ಸೇರಿಸಿದವರು ಅವರು. 2014ರ ಏಪ್ರಿಲ್ 27ರಂದು ಜಾನ್ ಸಂತರಾದರು. ಅಂದೂ ಒಬ್ಬರೇ ಅಲ್ಲ, 2ನೆಯ ಜಾನ್ ಪಾಲರ ಜೊತೆ. ಸಂತರಾಗಲು ಸಾಮಾನ್ಯವಾಗಿ ಎರಡು ಪವಾಡ ಬೇಕು. ಜಾನರ ಹೆಸರಿನಲ್ಲಿ ಒಂದೇ ಇತ್ತು. ಆಗಿನ ಪೋಪ್ ಫ್ರಾನ್ಸಿಸ್ ಎರಡನೆಯದನ್ನು ಕೇಳಲಿಲ್ಲ.